ಹಾಸನದಿಂದ ಬಾಲಿಗೆ: ಕಡಿಮೆ ಖರ್ಚಿನಲ್ಲಿ ವಿಮಾನ ಹತ್ತುವುದು ಹೇಗೆ?

ಬಾಲಿಗೆ ಹೋಗಬೇಕು ಅಂತ ಮನಸ್ಸಾದ ತಕ್ಷಣ ನಮ್ಮ ಕಡೆಯವರು ಮಾಡುವ ಮೊದಲ ಕೆಲಸ ಒಂದೇ. ಮೊಬೈಲ್ ತೆಗೆದು ‘ಬೆಂಗಳೂರು–ಬಾಲಿ’ ಅಂತ ಹುಡುಕುತ್ತಾರೆ. ಎಲ್ಲಕ್ಕಿಂತ ಕಡಿಮೆ ದರ ಯಾವುದು ಅಂತ ನೋಡಿ ಅದರ ಮೇಲೆ ಬೆರಳು ಒತ್ತುತ್ತಾರೆ. ಲೆಕ್ಕ ತಪ್ಪುವುದು ಅಲ್ಲೇ. ಆ ದರ ಹೆಬ್ಬಾಳದಲ್ಲಿ ಮನೆ ಇರುವವರಿಗೆ ಸರಿ. ಹಾಸನ, ಬೇಲೂರು, ಮೂಡಿಗೆರೆ, ಚಿಕ್ಕಮಗಳೂರಿನವರಿಗೆ ಪ್ರಯಾಣ ಶುರುವಾಗುವುದು ದೇವನಹಳ್ಳಿಯಲ್ಲಿ ಅಲ್ಲ, ಸ್ವಂತ ಮನೆ ಬಾಗಿಲಲ್ಲಿ. ಹಾಗಾಗಿ ಈ ಲೇಖನದ ಲೆಕ್ಕವೆಲ್ಲ ಮನೆ ಬಾಗಿಲಿಂದ ಹೋಟೆಲ್ ಬಾಗಿಲಿನವರೆಗೆ.

ಮೊದಲು ದ್ವೀಪ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ

ಮಾಲ್ಡೀವ್ಸ್, ಶ್ರೀಲಂಕಾ ಹತ್ತಿರದ ಊರುಗಳು. ಅವನ್ನು ಇಲ್ಲಿ ಬಿಡೋಣ. ಆರೇಳು ಗಂಟೆ ಹಾರಬೇಕಾದ ದ್ವೀಪಗಳಲ್ಲಿ ನಮ್ಮವರು ಹೆಚ್ಚು ಕೇಳುವುದು ಎರಡನ್ನು: ಇಂಡೋನೇಷ್ಯಾದ ಬಾಲಿ ಮತ್ತು ಮಾರಿಷಸ್.

ಮಾರಿಷಸ್‌ಗೆ ಭಾರತೀಯ ಪ್ರವಾಸಿಗಳು ವೀಸಾ ಶುಲ್ಕ ಕಟ್ಟಬೇಕಿಲ್ಲ. 2024ರ ಫೆಬ್ರವರಿಯಿಂದ ಅಲ್ಲಿ ನಮ್ಮ ಯುಪಿಐ ಕೂಡ ಬಂದಿದೆ. ಆದರೆ ವಿಮಾನ ಹೆಚ್ಚಾಗಿ ಮುಂಬೈ ಮೇಲೆ ಹೋಗಬೇಕು, ಅಲ್ಲಿಂದ ಮತ್ತೆ ಆರೂವರೆ ಗಂಟೆ. ಅಲ್ಲಿ ಊಟ, ವಸತಿ, ಓಡಾಟ ಎಲ್ಲವೂ ಬಾಲಿಗಿಂತ ದುಬಾರಿ. ಬಾಲಿಯಲ್ಲಿ ವೀಸಾಗೆ ದುಡ್ಡು ಕೊಡಬೇಕು, ಆದರೆ ಇಳಿದ ಮೇಲೆ ಖರ್ಚು ಕಡಿಮೆ. 2024ರ ಮಾರ್ಚ್‌ನಲ್ಲಿ ಇಂಡಿಗೋ ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಶುರು ಮಾಡಿದ ಮೇಲೆ ದಾರಿಯೂ ಸಲೀಸಾಯಿತು. ಜೇಬು ನೋಡಿಕೊಂಡು ಹೊರಡುವವರಿಗೆ ನನ್ನ ಓಟು ಬಾಲಿಗೇ. ಮುಂದಿನದ್ದೆಲ್ಲ ಅದನ್ನೇ ಹಿಡಿದು ಹೇಳುತ್ತೇನೆ. ಟಿಕೆಟ್ ಹುಡುಕುವ ವಿಧಾನ ಯಾವ ದ್ವೀಪಕ್ಕಾದರೂ ಒಂದೇ.

ತಿಂಗಳು ಆರಿಸುವುದರಲ್ಲೇ ಅರ್ಧ ಉಳಿತಾಯ

ಇಲ್ಲಿ ಮಲೆನಾಡಿನವರಿಗೆ ಒಂದು ಅನುಕೂಲ ಇದೆ. ಬಾಲಿಯಲ್ಲಿ ಮಳೆಗಾಲ ನವೆಂಬರ್‌ನಿಂದ ಮಾರ್ಚ್‌ವರೆಗೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣ ಹವೆ. ಅಂದರೆ ಸಕಲೇಶಪುರದಲ್ಲಿ ಕೊಡೆ ಮಡಚಲು ಆಗದ ದಿನಗಳಲ್ಲಿ ಅಲ್ಲಿ ಬಿಸಿಲು. ಕಾಫಿ ತೋಟ ಇರುವವರಿಗೆ ನವೆಂಬರ್‌ನಿಂದ ಫೆಬ್ರವರಿವರೆಗೆ ಹೇಗೂ ಕಾಲು ಕದಲಿಸಲು ಆಗುವುದಿಲ್ಲ. ಅರೇಬಿಕಾ ಕೊಯ್ಲು, ಆಮೇಲೆ ರೊಬಸ್ಟಾ, ಕಣದಲ್ಲಿ ಒಣಗಿಸುವುದು, ಅದು ಮುಗಿಯುವಷ್ಟರಲ್ಲಿ ಹೂಮಳೆ ಬಂತೋ ಇಲ್ಲವೋ ಅನ್ನುವ ಚಿಂತೆ. ಬಾಲಿ ಕೂಡ ಆಗ ಮಳೆಯಲ್ಲಿ ನೆನೆಯುತ್ತಿರುತ್ತದೆ.

ಹಾಗಂತ ಏಪ್ರಿಲ್, ಮೇ ತಿಂಗಳಿಗೆ ಓಡಬೇಡಿ. ನಮ್ಮ ಶಾಲೆಗಳಿಗೆ ಆಗ ಬೇಸಿಗೆ ರಜೆ, ಬೆಂಗಳೂರಿನಿಂದ ಹೊರಡುವ ಎಲ್ಲ ವಿಮಾನಗಳ ದರ ಏರಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾ, ಯೂರೋಪಿನ ಜನ ಬಾಲಿಗೆ ಮುಗಿಬೀಳುತ್ತಾರೆ, ಆಗ ಹೋಟೆಲ್ ದುಬಾರಿ. ಇವೆರಡರ ಮಧ್ಯೆ ಉಳಿಯುವುದು ಜೂನ್ ತಿಂಗಳ ಮೊದಲ ಮೂರು ವಾರ. ಮರಗಸಿ (ನೆರಳಿನ ಮರದ ಕೊಂಬೆ ಸವರುವುದು), ಗೊಬ್ಬರ ಮುಗಿಸಿಕೊಂಡವರಿಗೆ ಇದು ಹೇಳಿ ಮಾಡಿಸಿದ ಸಮಯ. ಎರಡನೆಯದು ಸೆಪ್ಟೆಂಬರ್. ಶಾಲೆಗೆ ಹೋಗುವ ಮಕ್ಕಳಿದ್ದರೆ ಅಕ್ಟೋಬರ್‌ನ ದಸರಾ ರಜೆ ನೋಡಬಹುದು, ಆದರೆ ದರ ಸ್ವಲ್ಪ ಜಾಸ್ತಿ. ಹಾಸನಾಂಬೆ ದೇವಸ್ಥಾನದ ಬಾಗಿಲು ತೆಗೆಯುವ ದಿನಗಳಲ್ಲಿ ಹಾಸನಕ್ಕೆ ಬರುವ, ಹೋಗುವ ಬಸ್‌ಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ದಿನಗಳನ್ನು ತಪ್ಪಿಸಿ.

ಇನ್ನೊಂದು ದಿನವನ್ನೂ ಗುರುತು ಹಾಕಿಕೊಳ್ಳಿ. ಬಾಲಿಯ ಹಿಂದೂಗಳ ಹೊಸ ವರ್ಷ ನ್ಯೇಪಿ. ಅವರದ್ದೂ ಶಕ ವರ್ಷದ ಲೆಕ್ಕವೇ, ಹಾಗಾಗಿ ನಮ್ಮ ಯುಗಾದಿಯ ಆಸುಪಾಸಿಗೇ ಬರುತ್ತದೆ. 2026ರಲ್ಲಂತೂ ಎರಡೂ ಮಾರ್ಚ್ 19ಕ್ಕೇ. ನಾವು ಹೋಳಿಗೆ ತಿನ್ನುತ್ತೇವೆ, ಅವರು ಮೌನ ಆಚರಿಸುತ್ತಾರೆ. ಆ ದಿನ ಬೀದಿಯಲ್ಲಿ ಯಾರೂ ಓಡಾಡುವಂತಿಲ್ಲ, ವಿಮಾನ ನಿಲ್ದಾಣವನ್ನೂ 24 ಗಂಟೆ ಮುಚ್ಚುತ್ತಾರೆ. ಅದರ ಹಿಂದು ಮುಂದಿನ ದಿನಕ್ಕೂ ಟಿಕೆಟ್ ಮಾಡದಿರುವುದೇ ಒಳ್ಳೆಯದು.

ಪಾಸ್‌ಪೋರ್ಟ್ ಮತ್ತು ಹೆಸರಿನ ತಕರಾರು

ಟಿಕೆಟ್‌ಗೆ ಮುಂಚೆ ಪಾಸ್‌ಪೋರ್ಟ್. ಇದ್ದರೆ ತೆಗೆದು ದಿನಾಂಕ ನೋಡಿ. ಇಂಡೋನೇಷ್ಯಾದಲ್ಲಿ ಇಳಿಯುವ ದಿನದಿಂದ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು. ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ, ಅಪ್ಪ ಅಮ್ಮ ತಮ್ಮ ಹತ್ತು ವರ್ಷದ ಲೆಕ್ಕದಲ್ಲಿ ಇದನ್ನು ಮರೆತಿರುತ್ತಾರೆ. ಇಲ್ಲದವರು ಬೆಂಗಳೂರಿಗೆ ಅಲೆಯಬೇಕಿಲ್ಲ, ಹಾಸನದಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ದೊಡ್ಡವರಿಗೆ 36 ಪುಟದ ಪುಸ್ತಕಕ್ಕೆ 1,500 ರೂಪಾಯಿ. ತತ್ಕಾಲ್ ಅಂದರೆ ಮೇಲೆ 2,000. ಆರು ತಿಂಗಳು ಮೊದಲೇ ಅರ್ಜಿ ಹಾಕಿದವರಿಗೆ ಆ ಎರಡು ಸಾವಿರ ಉಳಿಯಿತು.

ಈಗ ಹೆಸರು. ನಮ್ಮ ಕಡೆ ಅರ್ಧ ಊರಿಗೆ ಸರ್‌ನೇಮ್ ಇಲ್ಲ. ಇನಿಷಿಯಲ್ ಮಾತ್ರ, ಒಂದು ಅಕ್ಷರ ಊರಿನದ್ದು, ಇನ್ನೊಂದು ಅಪ್ಪನದ್ದು. ಆಧಾರ್‌ನಲ್ಲಿ ಎಚ್. ಎಸ್. ಅಂತ ಇದ್ದರೆ ಪಾಸ್‌ಪೋರ್ಟ್‌ನಲ್ಲಿ ಅದನ್ನು ಬಿಡಿಸಿ ಬರೆದಿರಬಹುದು, ಕೆಲವರದ್ದರಲ್ಲಿ ಸರ್‌ನೇಮ್ ಜಾಗ ಖಾಲಿಯೇ ಇರಬಹುದು. ಟಿಕೆಟ್ ಫಾರಂ ಮಾತ್ರ ಖಾಲಿ ಬಿಡಲು ಬಿಡುವುದಿಲ್ಲ, ‘ಕೊನೆಯ ಹೆಸರು’ ಹಾಕು ಅಂತ ಕೆಂಪು ಅಕ್ಷರದಲ್ಲಿ ಹಟ ಹಿಡಿಯುತ್ತದೆ. ಆಗ ಸುಮ್ನೆ ಊರ ಹೆಸರೋ ಜಾತಿಯ ಹೆಸರೋ ತುಂಬಿಬಿಡಬೇಡಿ. ಒಂದೇ ಹೆಸರು ಇರುವವರು ಏನು ಹಾಕಬೇಕು ಅಂತ ಆಯಾ ವಿಮಾನ ಕಂಪನಿಯ ಸೈಟ್‌ನಲ್ಲಿ ಬರೆದಿರುತ್ತಾರೆ. ಕೆಲವರು ಅದೇ ಹೆಸರನ್ನು ಎರಡೂ ಕಡೆ ಹಾಕಿ ಅನ್ನುತ್ತಾರೆ. ಓದಿ, ಹಾಗೇ ತುಂಬಿ. ಪಾಸ್‌ಪೋರ್ಟನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಅಕ್ಷರ ಅಕ್ಷರ ಹೊಂದಿಸಿ. ಆಧಾರ್ ನೋಡಿ ತುಂಬುವುದು ಬೇಡವೇ ಬೇಡ.

ಟಿಕೆಟ್ ಹುಡುಕುವ ಬಗೆ

ಗೂಗಲ್ ಫ್ಲೈಟ್ಸ್, ಸ್ಕೈಸ್ಕ್ಯಾನರ್ ಎರಡರಲ್ಲೂ ತಿಂಗಳಿಡೀ ದರ ತೋರಿಸುವ ಕ್ಯಾಲೆಂಡರ್ ಇದೆ. ಮೊದಲು ಅದನ್ನು ತೆರೆಯಿರಿ. ಶುಕ್ರವಾರ ಹೊರಟು ಭಾನುವಾರ ವಾಪಸಾಗುವುದಕ್ಕೂ ಮಂಗಳವಾರ, ಬುಧವಾರ ಹೊರಡುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಕಣ್ಣಿಗೇ ಕಾಣುತ್ತದೆ. ದಿನ ಒಪ್ಪಿಗೆಯಾದ ಮೇಲೆ ದರ ಬದಲಾದರೆ ಮೇಲ್ ಮಾಡು ಅಂತ ಅಲರ್ಟ್ ಹಾಕಿ ಬಿಟ್ಟುಬಿಡಿ. ದಿನಕ್ಕೆ ಹತ್ತು ಸಲ ನೋಡುವ ಅಗತ್ಯ ಇಲ್ಲ.

ಎಷ್ಟು ಮುಂಚೆ ತೆಗೆಯಬೇಕು? ಎರಡರಿಂದ ನಾಲ್ಕು ತಿಂಗಳು ಮೊದಲು ಅಂದರೆ ಸಾಕು. ಕೊನೆ ಗಳಿಗೆಯಲ್ಲಿ ಬೀಳುತ್ತೆ ಅಂತ ಕಾಯುವವರು ಇದ್ದಾರೆ. ವಿಮಾನದ ಸೀಟು ಸಂತೆಯ ಸೊಪ್ಪಲ್ಲ, ಸಂಜೆಯಾಯಿತು ಅಂತ ಅಗ್ಗಕ್ಕೆ ಕೊಡುವುದಿಲ್ಲ.

ದರ ಹೇಗೆ ಏರುತ್ತದೆ ಅಂತ ಗೊತ್ತಿದ್ದರೆ ಒಂದು ಉಪಾಯ ಸಿಗುತ್ತದೆ. ಒಂದೇ ವಿಮಾನದ ಸಾದಾ ಸೀಟುಗಳನ್ನು ಕಂಪನಿ ಬೇರೆ ಬೇರೆ ದರದ ಗುಂಪುಗಳಾಗಿ ಮಾಡಿಟ್ಟಿರುತ್ತದೆ. ಅಗ್ಗದ ಗುಂಪಿನಲ್ಲಿ ಎರಡೇ ಸೀಟು ಉಳಿದಿದೆ ಅಂತಿಟ್ಟುಕೊಳ್ಳಿ. ನೀವು ನಾಲ್ಕು ಜನರಿಗೆ ಹುಡುಕಿದರೆ ಸಾಮಾನ್ಯವಾಗಿ ಆ ಎರಡನ್ನು ಕೊಟ್ಟು ಉಳಿದೆರಡನ್ನು ಮೇಲಿನ ದರಕ್ಕೆ ಕೊಡುವುದಿಲ್ಲ. ನಾಲ್ಕನ್ನೂ ಮೇಲಿನ ದರಕ್ಕೇ ತೋರಿಸುತ್ತದೆ. ಆದ್ದರಿಂದ ಮೊದಲು ಒಬ್ಬರಿಗೆ, ಆಮೇಲೆ ಇಬ್ಬರಿಗೆ, ಆಮೇಲೆ ನಾಲ್ವರಿಗೆ ಹುಡುಕಿ ನೋಡಿ. ತಲಾ ದರ ಎಲ್ಲಿ ನೆಗೆಯುತ್ತದೋ ಅಲ್ಲಿ ಒಡೆದು ಎರಡು ಬುಕಿಂಗ್ ಮಾಡಿ. ಒಂದೊಂದು ಬುಕಿಂಗ್‌ನಲ್ಲೂ ದೊಡ್ಡವರು ಒಬ್ಬರು ಇರಲಿ, ಮಕ್ಕಳನ್ನಷ್ಟೇ ಬೇರೆ ಹಾಕಬೇಡಿ.

ಪುಟ್ಟ ಮಗು ಇರುವವರಿಗೆ ಒಂದು ಮಾತು. ಎರಡು ವರ್ಷ ತುಂಬದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋದರೆ ಟಿಕೆಟ್ ತುಂಬಾ ಕಡಿಮೆ. ತುಂಬಿದರೆ ಸ್ವಂತ ಸೀಟು ಬೇಕೇ ಬೇಕು, ದರವೂ ದೊಡ್ಡವರ ಹತ್ತಿರಕ್ಕೇ ಬರುತ್ತದೆ. ವಯಸ್ಸು ನೋಡುವುದು ಬುಕ್ ಮಾಡಿದ ದಿನಕ್ಕಲ್ಲ, ಹಾರುವ ದಿನಕ್ಕೆ. ವಾಪಸ್ ಬರುವ ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹುಡುಕುವುದು ಎಲ್ಲಾದರೂ ಹುಡುಕಿ, ಕೊಳ್ಳುವುದು ವಿಮಾನ ಕಂಪನಿಯ ಸೈಟ್‌ನಲ್ಲೇ ಕೊಳ್ಳಿ. ಮಧ್ಯದ ಸೈಟ್‌ಗಳಲ್ಲಿ ಮುನ್ನೂರು ನಾನೂರು ಕಡಿಮೆ ಕಾಣಬಹುದು. ವಿಮಾನ ರದ್ದಾದಾಗ ಇವರು ಅವರ ಕಡೆ, ಅವರು ಇವರ ಕಡೆ ಕೈ ತೋರಿಸುತ್ತಾರೆ. ಅಷ್ಟು ದುಡ್ಡಿಗೆ ಆ ತಲೆನೋವು ಬೇಡ ಅಲ್ವಾ?

ನೇರ ವಿಮಾನವೋ, ಇಳಿದು ಹತ್ತುವುದೋ?

ನೇರ ವಿಮಾನ ಏಳು ಗಂಟೆಯ ಆಸುಪಾಸು. ಕೌಲಾಲಂಪುರ, ಸಿಂಗಾಪುರ, ಬ್ಯಾಂಕಾಕ್ ಮೇಲೆ ಹೋಗುವವು ಒಮ್ಮೊಮ್ಮೆ ಅಗ್ಗ ಕಾಣುತ್ತವೆ. ಕಾಣುವುದು ಬೇರೆ, ಆಗುವುದು ಬೇರೆ. ಬರೀ ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ: ನೇರ ವಿಮಾನ ಲಗೇಜ್ ಸೇರಿ ಹೋಗಿ ಬರಲು 30,000. ಇಳಿದು ಹತ್ತುವುದು 24,500. ಈ ಎರಡನೆಯದರಲ್ಲಿ ಕೈಚೀಲ 7 ಕೆ.ಜಿ. ಮಾತ್ರ. ದೊಡ್ಡ ಬ್ಯಾಗಿಗೆ ಎರಡೂ ಕಡೆ ಸೇರಿ 4,000 ಆಯಿತು. ನಾಲ್ಕು ವಿಮಾನ, ನಿಲ್ದಾಣದಲ್ಲಿ ಆರು ಗಂಟೆ ಕಾಯುವುದು, ಊಟ ತಿಂಡಿಗೆ 1,500. ಲೆಕ್ಕ 30,000ಕ್ಕೇ ಬಂದು ನಿಂತಿತು, ಮೇಲೆ ನಿದ್ದೆಗೆಟ್ಟಿದ್ದು ಬೇರೆ. ವ್ಯತ್ಯಾಸ ತಲೆಗೆ ಏಳೆಂಟು ಸಾವಿರ ಮೀರಿದರೆ ಮಾತ್ರ ಇಳಿದು ಹತ್ತುವುದನ್ನು ಯೋಚಿಸಿ.

ಹಾಗೆ ಹೋಗುವುದಾದರೆ ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿ ಇರಬೇಕು. ಬೇರೆ ಬೇರೆ ಟಿಕೆಟ್ ಜೋಡಿಸಿಕೊಂಡರೆ ಮೊದಲನೆಯದು ತಡವಾದಾಗ ಎರಡನೆಯ ಕಂಪನಿ ನಿಮಗೆ ಕಾಯುವುದಿಲ್ಲ, ದುಡ್ಡೂ ಕೊಡುವುದಿಲ್ಲ. ಬ್ಯಾಗ್ ತಗೊಂಡು ಆ ದೇಶದ ಒಳಗೆ ಹೋಗಿ ಮತ್ತೆ ಚೆಕ್‌ಇನ್ ಮಾಡಬೇಕು. ಸಿಂಗಾಪುರದಲ್ಲಾದರೆ ಒಳಗೆ ಹೋಗಲು ಭಾರತೀಯರಿಗೆ ವೀಸಾ ಬೇಕು. ಒಂದೇ ಟಿಕೆಟ್ ಇದ್ದು ಬ್ಯಾಗ್ ನೇರ ಬಾಲಿಗೆ ಹೋಗುವುದಾದರೆ ನಿಲ್ದಾಣದ ಒಳಗೇ ವಿಮಾನ ಬದಲಾಯಿಸಬಹುದು, ವೀಸಾ ಕೇಳುವುದಿಲ್ಲ.

ಊರಿನ ಏಜೆಂಟರ ‘ಐದು ರಾತ್ರಿ ಆರು ಹಗಲು’ ಪ್ಯಾಕೇಜ್ ಕೆಟ್ಟದ್ದೇನಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ನೆಮ್ಮದಿಯೂ ಹೌದು. ಆದರೆ ಟಿಕೆಟ್ ಎಷ್ಟು, ಹೋಟೆಲ್ ಎಷ್ಟು ಅಂತ ಬಿಡಿಸಿ ಬರೆದುಕೊಡಲು ಹೇಳಿ. ವಿದೇಶ ಪ್ರವಾಸದ ಪ್ಯಾಕೇಜ್‌ಗೆ ಟಿಸಿಎಸ್ ಅಂತ ತೆರಿಗೆ ಹಿಡಿಯುತ್ತಾರೆ. ಅದು ವಾಪಸ್ ಬೇಕಾದರೆ ಆದಾಯ ತೆರಿಗೆ ರಿಟರ್ನ್ ಹಾಕಬೇಕು. ಬರೀ ತೋಟದ ಆದಾಯ ಅಂತ ರಿಟರ್ನ್ ಹಾಕದೆ ಇರುವವರಿಗೆ ಆ ದುಡ್ಡು ಹೋದಂತೆಯೇ. ವಿಮಾನದ ಟಿಕೆಟ್ ಒಂದನ್ನೇ ಕೊಂಡರೆ ಅದು ಪ್ಯಾಕೇಜ್ ಲೆಕ್ಕಕ್ಕೆ ಬರುವುದಿಲ್ಲ.

ದೇವನಹಳ್ಳಿ ತಲುಪುವುದು

ಹಾಸನದಿಂದ ಬೆಂಗಳೂರು ಸುಮಾರು 185 ಕಿ.ಮೀ., ಚಿಕ್ಕಮಗಳೂರಿನಿಂದ 245ರ ಹತ್ತಿರ. ಮಂಗಳೂರು ಹತ್ತಿರ ಅಲ್ವಾ ಅಂತ ಮೂಡಿಗೆರೆ ಕಡೆಯವರು ಕೇಳುತ್ತಾರೆ. ಹತ್ತಿರ ಹೌದು, ಆದರೆ ಮಂಗಳೂರಿನ ವಿದೇಶಿ ವಿಮಾನಗಳು ಹೆಚ್ಚಾಗಿ ಕೊಲ್ಲಿ ದೇಶಗಳಿಗೆ. ಜೂನ್ ಮಳೆಯಲ್ಲಿ ಚಾರ್ಮಾಡಿ, ಶಿರಾಡಿ ಘಾಟಿಯನ್ನು ನಂಬಿ ವಿಮಾನದ ಟಿಕೆಟ್ ಮಾಡುವುದು ಧೈರ್ಯದ ಕೆಲಸ.

ಟ್ಯಾಕ್ಸಿಯವರು ಒಂದು ಕಡೆ ಬಿಟ್ಟು ಬಂದರೂ ಎರಡು ಕಡೆಯ ಬಾಡಿಗೆ ತಗೊಳ್ಳುತ್ತಾರೆ. ಹಾಸನದಿಂದ ನಿಲ್ದಾಣಕ್ಕೆ 200 ಕಿ.ಮೀ. ಅಂತ ಹಿಡಿಯಿರಿ, ಹೋಗಿ ಬರಲು 400. ಕಿಲೋಮೀಟರಿಗೆ 13 ರೂಪಾಯಿ ಅಂದರೂ 5,200. ವಾಪಸ್ ಕರೆತರಲು ಇನ್ನೊಂದು 5,200. ಟೋಲು, ಡ್ರೈವರ್ ಬಾಟಾ ಬೇರೆ. ನಾಲ್ಕು ಜನ ಇದ್ದರೆ ತಲೆಗೆ 2,600, ಪರವಾಗಿಲ್ಲ. ಇಬ್ಬರೇ ಹೋಗುವುದಾದರೆ ತಲೆಗೆ 5,200. ತಿಂಗಳುಗಟ್ಟಲೆ ಕಾದು ಟಿಕೆಟ್‌ನಲ್ಲಿ ಉಳಿಸಿದ್ದು ಇಲ್ಲೇ ಖಾಲಿ.

ಇಬ್ಬರಿಗೆ ಬಸ್ಸೇ ಸರಿ. ಕೆಎಸ್‌ಆರ್‌ಟಿಸಿ ಹತ್ತಿ ಮೆಜೆಸ್ಟಿಕ್, ಅಲ್ಲಿಂದ ಬಿಎಂಟಿಸಿಯ ವಾಯು ವಜ್ರ. ಕೆಂಪು ಬಸ್ಸಾದರೆ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಮೆಜೆಸ್ಟಿಕ್‌ವರೆಗೆ ಟಿಕೆಟ್ಟೇ ಇಲ್ಲ. ವಾಯು ವಜ್ರಕ್ಕೆ ದುಡ್ಡು ಕೊಡಬೇಕು. ಅವು ರಾತ್ರಿ ಹೊತ್ತೂ ಓಡುತ್ತವೆ, ಆದರೆ ಹಗಲಿನಷ್ಟು ಬೇಗ ಬೇಗ ಬರುವುದಿಲ್ಲ. ಹಾಸನದಿಂದ ಕುಣಿಗಲ್ ಮೇಲೆ ಯಶವಂತಪುರಕ್ಕೆ ರೈಲೂ ಇದೆ. ಹೊತ್ತು ಹೊಂದಿದರೆ ಅದಕ್ಕಿಂತ ಅಗ್ಗ ಇನ್ನೊಂದಿಲ್ಲ.

ವಿದೇಶಕ್ಕೆ ಹೊರಡುವವರು ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು. ಬೆಳಗಿನ ಜಾವ 5ಕ್ಕೆ ವಿಮಾನ ಅಂದರೆ 2 ಗಂಟೆಗೆ ಅಲ್ಲಿರಬೇಕು, ಅಂದರೆ ಹಾಸನವನ್ನು ಸಂಜೆ ಏಳರೊಳಗೆ ಬಿಡಬೇಕು. ರಾತ್ರಿ 11ರ ವಿಮಾನಕ್ಕೆ ಮಧ್ಯಾಹ್ನ ಊಟ ಮುಗಿಸಿ ಹೊರಟರೂ ಸಾಕು. ಬೆಳಿಗ್ಗೆ 9ರ ವಿಮಾನವೇ ಸಂಕಟ. ರಾತ್ರಿಯಿಡೀ ನಿದ್ದೆ ಇಲ್ಲ, ಇಲ್ಲವೇ ಬೆಂಗಳೂರಿನಲ್ಲಿ ಒಂದು ರಾತ್ರಿ ಲಾಡ್ಜ್ ಖರ್ಚು. ಆದ್ದರಿಂದ ದರದ ಜೊತೆಗೆ ಹೊರಡುವ ಗಂಟೆಯನ್ನೂ ನೋಡಿಯೇ ಟಿಕೆಟ್ ಆರಿಸಿ.

ಸ್ವಂತ ಕಾರು ಅಥವಾ ಟ್ಯಾಕ್ಸಿಯವರು ಊರೊಳಗೆ ನುಗ್ಗಬೇಡಿ. ಹಾಸನದಿಂದ ಬರುವವರು ನೆಲಮಂಗಲದಲ್ಲಿ ದೊಡ್ಡಬಳ್ಳಾಪುರದ ಕಡೆ ತಿರುಗಿ ದೇವನಹಳ್ಳಿ ಸೇರಬಹುದು. ಕಡೂರು, ತಿಪಟೂರು, ತುಮಕೂರು ಮೇಲೆ ಬರುವ ಚಿಕ್ಕಮಗಳೂರಿನವರು ಡಾಬಸ್‌ಪೇಟೆಯಲ್ಲೇ ತಿರುಗಿದರೆ ಹೊಸ ಹೆದ್ದಾರಿಯಲ್ಲಿ ದೊಡ್ಡಬಳ್ಳಾಪುರ. ಭಾನುವಾರ ಸಂಜೆ ಮಾತ್ರ ನೆಲಮಂಗಲದ ಹತ್ತಿರ ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಡ್ರೈವರ್‌ಗೆ ‘ಟರ್ಮಿನಲ್ 2’ ಅಂತ ಹೇಳಿ. 2023ರ ಸೆಪ್ಟೆಂಬರ್‌ನಿಂದ ವಿದೇಶಿ ವಿಮಾನಗಳೆಲ್ಲ ಅಲ್ಲಿಂದಲೇ. ಒಳಗೆ ನಡಿಗೆ ಜಾಸ್ತಿ. ಮಂಡಿ ನೋವಿರುವ ಅಜ್ಜಿ ಜೊತೆಗಿದ್ದರೆ ಬುಕ್ ಮಾಡುವಾಗಲೇ ವೀಲ್‌ಚೇರ್ ಕೇಳಿಬಿಡಿ.

ವೀಸಾ, ತೆರಿಗೆ, ಫಾರಂ

ಬಾಲಿಗೆ ಇಳಿದ ಮೇಲೂ ವೀಸಾ ಸಿಗುತ್ತದೆ, ಮೊದಲೇ ಆನ್‌ಲೈನ್‌ನಲ್ಲೂ ಮಾಡಬಹುದು. ಶುಲ್ಕ 5 ಲಕ್ಷ ರುಪಿಯಾ. ಗಾಬರಿ ಬೇಡ. ನಮ್ಮ ಒಂದು ರೂಪಾಯಿಗೆ ಹತ್ತಿರ ಹತ್ತಿರ 180–190 ರುಪಿಯಾ, ಹಾಗಾಗಿ ಅದು 2,600–2,800 ರೂಪಾಯಿ. 30 ದಿನ ಇರಬಹುದು. ಇದಲ್ಲದೆ 2024ರ ಫೆಬ್ರವರಿಯಿಂದ ಬಾಲಿ ಸರ್ಕಾರ ಪ್ರತಿ ಪ್ರವಾಸಿಯಿಂದ ಒಂದೂವರೆ ಲಕ್ಷ ರುಪಿಯಾ ತಗೊಳ್ಳುತ್ತದೆ, ಅಂದರೆ ಎಂಟುನೂರು ರೂಪಾಯಿಯ ಆಸುಪಾಸು. ಮೂರನೆಯದು ‘ಆಲ್ ಇಂಡೋನೇಷ್ಯಾ’ ಅನ್ನುವ ಘೋಷಣೆಯ ಫಾರಂ. ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ತುಂಬಬೇಕು, ಇದಕ್ಕೆ ದುಡ್ಡಿಲ್ಲ.

ಈ ಮೂರರ ಹೆಸರಲ್ಲೂ ದುಡ್ಡು ಕೀಳುವ ಸೈಟ್‌ಗಳಿವೆ. ವಿಳಾಸದ ಕೊನೆಯಲ್ಲಿ ‘ಗೋ ಡಾಟ್ ಐಡಿ’ ಅಂತ ಇದ್ದರೆ ಮಾತ್ರ ಅದು ಇಂಡೋನೇಷ್ಯಾ ಸರ್ಕಾರದ್ದು. ಇಲ್ಲದಿದ್ದರೆ ಮುಚ್ಚಿಬಿಡಿ. ವಾಪಸ್ ಟಿಕೆಟ್ ಮತ್ತು ಹೋಟೆಲ್ ಬುಕಿಂಗ್‌ನ ಒಂದೊಂದು ಪ್ರಿಂಟ್ ಕೈಯಲ್ಲಿರಲಿ, ಬೆಂಗಳೂರಿನ ಕೌಂಟರ್‌ನಲ್ಲೇ ಕೇಳುತ್ತಾರೆ. ಪ್ರಯಾಣ ವಿಮೆ ಮಾಡಿಸಿ. ಅಲ್ಲಿ ಎಲ್ಲರೂ ಸ್ಕೂಟರ್ ಬಾಡಿಗೆಗೆ ತಗೊಳ್ಳುತ್ತಾರೆ, ಸರಿಯಾದ ಲೈಸೆನ್ಸ್ ಇಲ್ಲದೆ ಬಿದ್ದರೆ ವಿಮೆ ಇದ್ದೂ ಪ್ರಯೋಜನ ಇಲ್ಲ.

ದುಡ್ಡಿಗೆ ಫಾರೆಕ್ಸ್ ಕಾರ್ಡ್ (ವಿದೇಶಿ ಹಣ ಮೊದಲೇ ತುಂಬಿಸಿಕೊಳ್ಳುವ ಕಾರ್ಡ್) ಒಂದು, ಸ್ವಲ್ಪ ಡಾಲರ್ ನೋಟು. ಅಂಗಡಿಯ ಮೆಷಿನ್ ‘ರೂಪಾಯಿಯಲ್ಲಿ ಕೊಡುತ್ತೀರಾ, ರುಪಿಯಾದಲ್ಲೋ’ ಅಂತ ಕೇಳಿದರೆ ರುಪಿಯಾ ಅನ್ನಿ. ರೂಪಾಯಿ ಅಂದರೆ ಅವರು ಹೇಳಿದ್ದೇ ದರ.

ಬ್ಯಾಗ್ ಕಟ್ಟುವಾಗ

ಚಟ್ನಿಪುಡಿ, ನಿಪ್ಪಟ್ಟು, ಕೋಡುಬಳೆ ತಗೊಂಡು ಹೋಗಿ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ದೊಡ್ಡ ಬ್ಯಾಗಿನಲ್ಲಿ ಭದ್ರವಾಗಿ ಕಟ್ಟಿ. ಪವರ್ ಬ್ಯಾಂಕ್ ಇದಕ್ಕೆ ತಿರುಗುಮುರುಗು, ಅದು ಕೈಚೀಲದಲ್ಲೇ ಇರಬೇಕು. ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯವರು ಗಮನಿಸಿ: ಒಣ ಕೊಬ್ಬರಿಗೆ ಬೇಗ ಬೆಂಕಿ ಹತ್ತುತ್ತದೆ ಅಂತ 2022ರಿಂದ ಲಗೇಜ್ ಬ್ಯಾಗಿನಲ್ಲಿ ಹಾಕಲು ಬಿಡುವುದಿಲ್ಲ. ಗಿಟುಕು ಮನೆಯಲ್ಲೇ ಇರಲಿ. ಹೊರಡುವ ಮುಂಚೆ ಬ್ಯಾಗನ್ನು ಮನೆಯಲ್ಲೇ ತೂಗಿ ನೋಡಿ. ಕೌಂಟರ್‌ನಲ್ಲಿ ಹೆಚ್ಚುವರಿ ಕಿಲೋಗೆ ಕೇಳುವ ದುಡ್ಡು ಆನ್‌ಲೈನ್‌ನಲ್ಲಿ ಮೊದಲೇ ಕಟ್ಟುವುದಕ್ಕಿಂತ ಬಹಳ ಜಾಸ್ತಿ.

ಬರುವಾಗ ಬಾಲಿಯ ಕಿಂತಾಮಣಿ ಬೆಟ್ಟದ ಅರೇಬಿಕಾ ಪುಡಿ ಒಂದು ಪೊಟ್ಟಣ ತರುವ ಆಸೆ ನಮ್ಮವರಿಗೆ ಇದ್ದೇ ಇರುತ್ತದೆ. ಹುರಿದದ್ದು, ಪುಡಿ ಮಾಡಿದ್ದು ತನ್ನಿ. ಬಿತ್ತನೆಗೆ ಅಂತ ಹಸಿ ಬೀಜವನ್ನೋ ಗಿಡವನ್ನೋ ಬಚ್ಚಿಟ್ಟುಕೊಂಡು ಬರಬೇಡಿ. ಪರವಾನಗಿ ಇಲ್ಲದೆ ತರುವುದು ಸಸ್ಯ ಕ್ವಾರಂಟೈನ್ ಕಾನೂನಿಗೆ ವಿರುದ್ಧ. ಅದರ ಜೊತೆ ಬಂದ ಹುಳವೋ ರೋಗವೋ ಮೊದಲು ಹತ್ತುವುದು ನಿಮ್ಮ ತೋಟಕ್ಕೇ.

ವಾಪಸ್ ವಿಮಾನ ಬೆಂಗಳೂರಿಗೆ ಮಧ್ಯರಾತ್ರಿ ಇಳಿಯುವುದಾದರೆ ಟ್ಯಾಕ್ಸಿಯವರಿಗೆ ತಾರೀಕು ಹೇಳುವಾಗ ಹುಷಾರು. 14ರ ರಾತ್ರಿ 12.40 ಅಂದರೆ ಅದು 15ನೇ ತಾರೀಕು. ಬಾಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಆದರೆ ಟಿಕೆಟ್‌ನಲ್ಲಿ ಇಳಿಯುವ ಹೊತ್ತು ಭಾರತದ ಲೆಕ್ಕದಲ್ಲೇ ಇರುತ್ತದೆ. ಟಿಕೆಟ್‌ನ ಫೋಟೋವನ್ನೇ ಅವರ ವಾಟ್ಸಾಪ್‌ಗೆ ಕಳಿಸಿಬಿಡಿ.